ಕಳೆದುಹೋದ ಒಂದು ದೋಣಿಯ ಪಂದ್ಯ

1927ನೆಯ ಇಸವಿಯ ಜೂನ್ 18ರಂದು ಅಮೆರಿಕದ ಪ್ಯಾರಾಮೌಂಟ್ ಸಂಸ್ಥೆಯು 'ರೋಲ್ಡ್ ಸ್ಟಾಕಿಂಗ್ಸ್' ಎಂಬ ಏಳು ರೀಲುಗಳ ಮೂಕಚಿತ್ರವೊಂದನ್ನು ಬಿಡುಗಡೆ ಮಾಡಿತು. ಕಾಲೇಜಿನ ಹುಡುಗರು, ಅವರ ದೋಣಿಯ ಪಂದ್ಯ, ಆ ಪಂದ್ಯಕ್ಕೆ ತೊಡಕಾಗಿ ಬರುವ ಪ್ರಣಯ, ಇಷ್ಟೇ ಅದರ ವಸ್ತು. ವಾರಕ್ಕೊಂದು ಹೊಸ ಚಿತ್ರ ಬಂದು ಹೋಗುತ್ತಿದ್ದ ಆ ಕಾಲದ ಥಿಯೇಟರುಗಳಲ್ಲಿ ಅದೂ ತನ್ನ ಸರದಿ ಬಂದಾಗ ಬಂದು, ಜನರನ್ನು ಒಂದೂಕಾಲು ಗಂಟೆಯ ಹೊತ್ತು ನಗಿಸಿ, ಕೊನೆಯ ರೀಲಿನಲ್ಲಿ ಕುರ್ಚಿಯ ಅಂಚಿಗೆ ತಂದು ಕೂರಿಸಿ, ಮುಂದಿನ ಊರಿಗೆ ಹೊರಟುಹೋಯಿತು. ಇಂದು ಅದರ ಭಿತ್ತಿಪತ್ರಗಳು ಉಂಟು, ಸ್ಥಿರಚಿತ್ರಗಳು ಉಂಟು, ಅಂದಿನ ಪತ್ರಿಕೆಗಳಲ್ಲಿ ಬಂದ ವಿಮರ್ಶೆಗಳೂ ಜಾಹೀರಾತುಗಳೂ ಉಂಟು. ಚಿತ್ರ ಮಾತ್ರ ಪ್ರಪಂಚದ ಯಾವ ಭಂಡಾರದಲ್ಲಿಯೂ ಸಿಕ್ಕಿಲ್ಲ. ಕರೆಯೋಲೆ, ಛತ್ರದ ಲೆಕ್ಕ, ಉಡುಗೊರೆಯ ಪಟ್ಟಿ ಎಲ್ಲವೂ ಪೆಟ್ಟಿಗೆಯಲ್ಲಿ ಭದ್ರವಾಗಿದ್ದು, ಮದುವೆಯನ್ನು ಕಂಡವರು ಮಾತ್ರ ಒಬ್ಬರೂ ಉಳಿಯದ ಹಾಗಾಗಿದೆ ಇದರ ಸ್ಥಿತಿ.

ಮಹಾಕೃತಿಯೊಂದು ನಷ್ಟವಾದರೆ ಶೋಕಿಸುವವರು ಇರುತ್ತಾರೆ. ಅದನ್ನು ಹುಡುಕಲು ದೇಶದೇಶಗಳನ್ನು ಸುತ್ತುವವರೂ ಇರುತ್ತಾರೆ. ಸಾಧಾರಣ ಕೃತಿಯ ಪಾಡು ಹಾಗಲ್ಲ. ಅದು ಕಣ್ಮರೆಯಾಯಿತೆಂಬ ಸಂಗತಿಯೇ ಬಹುಕಾಲದವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಬಂದಾಗಲೂ, ಹೋದುದರಿಂದ ಆದ ನಷ್ಟವೇನು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆ ಉಪೇಕ್ಷೆಗೆ ಯೋಗ್ಯವಾದುದಲ್ಲ. ಒಂದು ಯುಗವು ತನ್ನ ಶ್ರೇಷ್ಠ ಕೃತಿಗಳಲ್ಲಿ ತಾನು ಏನಾಗಲು ಬಯಸಿತೆಂಬುದನ್ನು ತೋರುವುದಾದರೆ, ತನ್ನ ಸಾಧಾರಣ ಕೃತಿಗಳಲ್ಲಿ ತಾನು ಹೇಗೆ ನಡೆಯಿತು, ಏನನ್ನು ಉಟ್ಟಿತು, ಯಾವುದಕ್ಕೆ ಚಪ್ಪಾಳೆ ತಟ್ಟಿತು ಎಂಬುದನ್ನು ತನಗರಿವಿಲ್ಲದೆಯೇ ತೋರಿಬಿಡುತ್ತದೆ. ಆದುದರಿಂದ ಈ ಸಾಮಾನ್ಯ ಚಿತ್ರದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಚಿತ್ರದ ನಿರ್ದೇಶಕರು ರಿಚರ್ಡ್ ರಾಸನ್. ಕ್ಯಾಮೆರಾ ಹಿಡಿದವರು ವಿಕ್ಟರ್ ಮಿಲ್ನರ್. ಮುಂದೆ 1934ರ 'ಕ್ಲಿಯೋಪಾತ್ರ' ಚಿತ್ರದ ಛಾಯಾಗ್ರಹಣಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆದವರು ಇವರೇ. ಕಥೆ ಬರೆದವರು ಇನ್ನೂ ಇಪ್ಪತ್ತೇಳು ವರ್ಷ ತುಂಬದಿದ್ದ ಫ್ರೆಡೆರಿಕ ಸೇಗರ್ ಎಂಬ ಲೇಖಕಿ. ಕಾಲ್ಪನಿಕವಾದ ಕೋಲ್‌ಫ್ಯಾಕ್ಸ್ ಕಾಲೇಜಿನಲ್ಲಿ ಟ್ರೆಡ್‌ವೇ ಮನೆತನದ ಇಬ್ಬರು ಅಣ್ಣತಮ್ಮಂದಿರು ಓದುತ್ತಾರೆ. ಜಿಮ್‌ನ ಪಾತ್ರವನ್ನು ಜೇಮ್ಸ್ ಹಾಲ್, ರಾಲ್ಫ್‌ನ ಪಾತ್ರವನ್ನು ರಿಚರ್ಡ್ ಆರ್ಲೆನ್ ವಹಿಸಿದ್ದರು. ಇಬ್ಬರೂ ಕ್ಯಾರಲ್ ಫ್ಲೆಮಿಂಗ್ ಎಂಬ ಒಬ್ಬಳೇ ತರುಣಿಗೆ ಮನಸೋಲುತ್ತಾರೆ. ಪಂದ್ಯದ ತಂಡಕ್ಕೆ ಸೇರಿದವನು ಹೊತ್ತಿಗೆ ಸರಿಯಾಗಿ ಮಲಗಿ, ಕುಡಿತ ಮೋಜುಗಳನ್ನು ತೊರೆದು, ತರಬೇತಿಯ ನಿಯಮಗಳನ್ನು ವ್ರತದಂತೆ ಪಾಲಿಸಬೇಕು; ಆ ವ್ರತವನ್ನು ಭಂಗಪಡಿಸುವ ಮೋಹಿನಿಯೊಬ್ಬಳು, ಊರಾಚೆಯ ಹೆದ್ದಾರಿಯ ಪಾನಗೃಹವೊಂದು, ಕಠಿನ ಮನಸ್ಸಿನ ತರಬೇತುದಾರನೊಬ್ಬ, ಮಕ್ಕಳ ಮೇಲೆ ಕಣ್ಣಿಟ್ಟ ತಂದೆ, ಕೊನೆಗೆ ದೋಣಿಯ ಪಂದ್ಯ. ಕಾಲೇಜಿನ ಚಿತ್ರಗಳನ್ನು ಕಂಡ ಅಂದಿನ ಪ್ರೇಕ್ಷಕನಿಗೆ ಇದರಲ್ಲಿ ಹೊಸದೆನ್ನುವಂತಹದು ಹೆಚ್ಚಿಲ್ಲ. ಹಳೆಯ ರಾಗವನ್ನೇ ಯಾರು ಹಾಡುತ್ತಾರೆ ಎಂಬುದರಲ್ಲಿದ್ದಿತು ಅವನ ಕುತೂಹಲ.

ಕ್ಯಾರಲ್ ಆಗಿ ನಟಿಸಿದವರು ಲೂಯಿಸ್ ಬ್ರೂಕ್ಸ್. ಕ್ಯಾನ್ಸಸ್ ಪ್ರಾಂತದ ಚೆರ್ರಿವೇಲ್ ಎಂಬ ಸಣ್ಣ ಊರಿನಲ್ಲಿ 1906ರಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಡೆನಿಶಾನ್ ನೃತ್ಯಮಂಡಲಿಯಲ್ಲಿ ಕುಣಿದು, ನ್ಯೂಯಾರ್ಕಿನ ಜೀಗ್‌ಫೆಲ್ಡ್ ಪ್ರದರ್ಶನಗಳ ಮೂಲಕ ಚಿತ್ರರಂಗಕ್ಕೆ ಬಂದ ಈಕೆಗೆ ಆಗ ಇಪ್ಪತ್ತು ವರ್ಷ. ಹಣೆಯ ಮೇಲೆ ನೇರವಾಗಿ ಕತ್ತರಿಸಿ, ಕೆನ್ನೆಗಳ ಮೇಲೆ ಚೂಪಾಗಿ ಇಳಿಬಿಟ್ಟ ಕಡುಗಪ್ಪು ಗಿಡ್ಡಕೂದಲು ಆ ದಶಕದ ತರುಣಿಯರ ಸ್ವಾತಂತ್ರ್ಯದ ಗುರುತೇ ಆಗಿಹೋಯಿತು. ಚಿತ್ರಕ್ಕೆ ಇಟ್ಟ ಹೆಸರೂ ಅದೇ ಜಾತಿಯದು: ಕಾಲುಚೀಲವನ್ನು ಮೊಣಕಾಲಿನ ಕೆಳಕ್ಕೆ ಸುರುಳಿಮಾಡಿ ಇಳಿಸಿ, ಹಿರಿಯರ ಕಣ್ಣಿಗೆ ಮೊಣಕಾಲನ್ನು ಧೈರ್ಯವಾಗಿ ತೋರುವುದು ಅಂದಿನ ಹುಡುಗಿಯರ ಫ್ಯಾಷನ್ನು. ದೋಣಿಗೂ ಕಾಲುಚೀಲಕ್ಕೂ ಸಂಬಂಧವಿರಲಿ ಬಿಡಲಿ, ಟಿಕೆಟ್ ಕಿಟಕಿಗೂ ಆ ಹೆಸರಿಗೂ ನಿಕಟವಾದ ಸಂಬಂಧವನ್ನು ಕಂಪನಿಯವರು ಬಲ್ಲವರಾಗಿದ್ದರು. ಈ ತರುಣ ನಟನಟಿಯರನ್ನು ತಮ್ಮ 'ಕಿರಿಯ ತಾರೆ'ಗಳೆಂದು ಅವರು ಸಾರಿದರು. ಹೆಚ್ಚು ಸಂಬಳದ ದೊಡ್ಡ ತಾರೆಯರಿಲ್ಲದೆಯೂ ಚಿತ್ರ ನಡೆಯುವುದೇ ಎಂಬ ಪರೀಕ್ಷೆಯೂ ಆ ಹೆಸರಿನಲ್ಲಿ ಅಡಗಿದ್ದಿತು.

ಇಂತಹ ಚಿತ್ರಗಳಿಗೆ ಅಷ್ಟೊಂದು ಬೇಡಿಕೆ ಹುಟ್ಟಿದುದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಅಂದಿನ ಅಮೆರಿಕದ ಕಾಲೇಜುಗಳತ್ತ ಒಮ್ಮೆ ನೋಡಬೇಕು. 1920ರ ಹೊತ್ತಿಗೆ ಆ ದೇಶದ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಓದುತ್ತಿದ್ದವರು ಸುಮಾರು 6 ಲಕ್ಷ. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಸಂಖ್ಯೆ 11 ಲಕ್ಷಕ್ಕೆ ಏರಿತು. ಮಹಾಯುದ್ಧ ಮುಗಿದು, ಮೋಟಾರು ಕಾರು ಮನೆಮನೆಗೆ ಬಂದು, ಮಧ್ಯಮ ವರ್ಗದ ಕೈಯಲ್ಲಿ ಹಣವಾಡತೊಡಗಿದಾಗ, ಅಪ್ಪ ಕಾಣದ ಕಾಲೇಜನ್ನು ಮಗ ಕಂಡನು. ಮಗನನ್ನೂ ಕಳಿಸಲಾಗದ ಮನೆಗಳವರು ಅದನ್ನು ಬೆಳ್ಳಿತೆರೆಯ ಮೇಲೆ ಕಂಡರು. ತರಗತಿಯ ಪಾಠದಲ್ಲಿ ಕ್ಯಾಮೆರಾಕ್ಕೆ ತೋರಿಸುವಂತಹದು ಏನಿದೆ? ಲ್ಯಾಟಿನ್ ವ್ಯಾಕರಣವನ್ನು ಕಂಠಪಾಠ ಮಾಡುವ ನಾಯಕನನ್ನು ನೋಡಲು ಕಾಸು ಕೊಡುವವರಾರು? ಆದಕಾರಣ ತೆರೆಯ ಮೇಲಿನ ಕಾಲೇಜಿನಲ್ಲಿ ಪುಸ್ತಕಗಳು ಕಂಕುಳಲ್ಲಿಯೇ ಉಳಿದುವು. ಆಟವೇ ಅಲ್ಲಿ ವಿದ್ಯೆಯಾಯಿತು, ಪಂದ್ಯವೇ ಪರೀಕ್ಷೆಯಾಯಿತು.

ನಿಜವಾದ ಕಾಲೇಜುಗಳೂ ಈ ವಿಷಯದಲ್ಲಿ ತೆರೆಯಿಂದ ಬಹಳ ದೂರವಿರಲಿಲ್ಲ. 1852ರಲ್ಲಿ ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ವಿನಿಪಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳ ನಡುವೆ ನಡೆದ ದೋಣಿಯ ಪಂದ್ಯವನ್ನು ಅಮೆರಿಕದ ಮೊತ್ತಮೊದಲ ಅಂತರಕಾಲೇಜು ಕ್ರೀಡೆಯೆಂದು ಎಣಿಸುತ್ತಾರೆ. ಆ ಪಂದ್ಯವನ್ನು ಏರ್ಪಡಿಸಲು ಹಣ ಕೊಟ್ಟುದು ಒಂದು ರೈಲ್ವೆ ಕಂಪನಿ. ಪಂದ್ಯ ನೋಡಲು ಬರುವವರು ರೈಲಿನ ಟಿಕೆಟ್ ಕೊಳ್ಳುವರೆಂಬುದು ಅದರ ಲೆಕ್ಕ. ಹೀಗೆ ಕಾಲೇಜು ಕ್ರೀಡೆಯೂ ಅದರ ವ್ಯಾಪಾರವೂ ಒಂದೇ ದಿನ ಹುಟ್ಟಿದುವು ಎನ್ನಬಹುದು. ಎಪ್ಪತ್ತು ವರ್ಷಗಳ ಬಳಿಕ ಆ ವ್ಯಾಪಾರ ಹೆಮ್ಮರವಾಗಿ ಬೆಳೆದಿತ್ತು. 1922ರಲ್ಲಿ ಪಾಸಡೀನದ ರೋಸ್ ಬೌಲ್, 1923ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯ ಸ್ಮಾರಕ ಕ್ರೀಡಾಂಗಣ, 1927ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ, ಹೀಗೆ ಒಂದು ಪಟ್ಟಣದ ಜನರೆಲ್ಲ ಹಿಡಿಯುವಂತಹ ಕಟ್ಟಡಗಳು ಒಂದರ ಹಿಂದೊಂದು ಎದ್ದುವು. ಹವ್ಯಾಸದ ಹೆಸರಿನಲ್ಲಿ ಆಟಗಾರರನ್ನು ಹಣ ಕೊಟ್ಟು ಸೆಳೆಯುವ ಪದ್ಧತಿ ಎಷ್ಟು ಹರಡಿದೆಯೆಂಬುದನ್ನು ಕಾರ್ನೆಗಿ ಪ್ರತಿಷ್ಠಾನವು 1929ರ ತನ್ನ ವರದಿಯಲ್ಲಿ ಮುಚ್ಚುಮರೆಯಿಲ್ಲದೆ ಬಯಲಿಗಿಟ್ಟಿತು.

ಚಿತ್ರರಂಗವು ಈ ಉತ್ಸಾಹದ ಬೆನ್ನುಹತ್ತಿತು. ಫುಟ್‌ಬಾಲಿನ ಪ್ರಸಿದ್ಧ ಆಟಗಾರ ರೆಡ್ ಗ್ರೇಂಜ್ 1926ರಲ್ಲಿ 'ಒನ್ ಮಿನಿಟ್ ಟು ಪ್ಲೇ' ಚಿತ್ರದ ನಾಯಕನಾದನು. ಅದೇ ವರ್ಷ ಪ್ಯಾರಾಮೌಂಟ್ ಸಂಸ್ಥೆಯು ಬೀಬಿ ಡೇನಿಯಲ್ಸ್ ಎಂಬ ನಟಿಯನ್ನು ಓಟದ ಮೈದಾನಕ್ಕೆ ಇಳಿಸಿ 'ದ ಕ್ಯಾಂಪಸ್ ಫ್ಲರ್ಟ್' ಎಂಬ ಚಿತ್ರವನ್ನು ತೆಗೆಯಿತು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟವನ್ನು ಗೆದ್ದ ಚಾರ್ಲಿ ಪ್ಯಾಡಕ್ ಅದರಲ್ಲಿ ತಾನಾಗಿಯೇ ಕಾಣಿಸಿಕೊಂಡಿದ್ದನು. ಓಟದ ಕೊನೆಯ ಗಜಗಳಲ್ಲಿ ಎರಡು ತೋಳುಗಳನ್ನೂ ಚಾಚಿ ದಾರದತ್ತ ಹಾರಿಬೀಳುವುದು ಪ್ಯಾಡಕ್‌ನ ವೈಶಿಷ್ಟ್ಯ. ಆ ಚಿತ್ರವೂ ಈಗ ಕಳೆದುಹೋದವುಗಳ ಪಟ್ಟಿಯಲ್ಲಿದೆ.

ದೋಣಿಯ ಪಂದ್ಯವೆಂದರೆ ನಮ್ಮಲ್ಲಿ ಹೊಳೆಯ ಜಾತ್ರೆಯೂ ತಮಟೆಯೂ ನೆನಪಿಗೆ ಬರಬಹುದು. 'ರೋಲ್ಡ್ ಸ್ಟಾಕಿಂಗ್ಸ್'ನ ಪಂದ್ಯ ಬೇರೆಯ ಬಗೆಯದು. ಸುಮಾರು 60 ಅಡಿ ಉದ್ದ, ಎರಡೇ ಅಡಿ ಅಗಲ, ಒಬ್ಬನು ಅಜಾಗ್ರತೆಯಿಂದ ಕಾಲಿಟ್ಟರೆ ಒಡೆದುಹೋಗುವಷ್ಟು ತೆಳುವಾದ ಮರದ ಮೈ. ಅದರೊಳಗೆ ಒಬ್ಬರ ಹಿಂದೆ ಒಬ್ಬರಂತೆ ಎಂಟು ಮಂದಿ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ನೀಳವಾದ ಹುಟ್ಟು. ಕುಳಿತಿರುವ ಪೀಠಗಳು ಪುಟ್ಟ ಗಾಲಿಗಳ ಮೇಲೆ ಹಿಂದುಮುಂದಕ್ಕೆ ಜಾರುವುವು. ನೋಡುವವರಿಗೆ ಇದು ತೋಳಿನ ಕೆಲಸವೆಂದು ತೋರಿದರೂ, ದೋಣಿಯನ್ನು ನಿಜವಾಗಿ ನೂಕುವುದು ಮಡಿಸಿದ ಮೊಣಕಾಲುಗಳನ್ನು ಒಮ್ಮೆಗೇ ನೀಡುವ ಬಲ. ಎಂಟು ಹುಟ್ಟುಗಳೂ ಒಂದೇ ಕ್ಷಣದಲ್ಲಿ ನೀರಿಗೆ ಇಳಿಯಬೇಕು, ಒಂದೇ ಕ್ಷಣದಲ್ಲಿ ಮೇಲೇಳಬೇಕು. ಒಂದು ಹುಟ್ಟು ಅರ್ಧ ನಿಮಿಷ ಹಿಂದೆ ಬೀಳುವ ಮಾತಿರಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು ತಡವಾದರೂ ದೋಣಿ ಒಂದು ಪಕ್ಕಕ್ಕೆ ವಾಲಿ ವೇಗ ಸಾಯುತ್ತದೆ.

ಇನ್ನೊಂದು ವಿಚಿತ್ರವೆಂದರೆ, ಹುಟ್ಟು ಹಾಕುವ ಎಂಟು ಮಂದಿಯೂ ಗುರಿಗೆ ಬೆನ್ನು ಮಾಡಿ ಕುಳಿತವರು. ತಾವು ಹಿಂದೆ ಬಿಟ್ಟುಬಂದ ನೀರನ್ನಲ್ಲದೆ ಮುಂದಿರುವುದನ್ನು ಅವರು ಕಾಣರು. ಗುರಿಯನ್ನು ಕಾಣುವವನು ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿಯ ಹಗ್ಗ ಹಿಡಿದು, ಪುಟ್ಟ ಮೆಗಾಫೋನನ್ನು ಬಾಯಿಗೆ ಕಟ್ಟಿಕೊಂಡು ಕುಳಿತ, ಎಲ್ಲರಿಗಿಂತ ಹಗುರಾದ ಮೈಯ ಒಬ್ಬ ಹುಡುಗ. ಅವನಿಗೆ 'ಕಾಕ್ಸ್' ಎಂದು ಹೆಸರು. ಅವನಿಗೆ ಎದುರಾಗಿ ಮೊದಲ ಪೀಠದಲ್ಲಿ ಕುಳಿತವನು 'ಸ್ಟ್ರೋಕ್'. ಅವನ ಹುಟ್ಟಿನ ಲಯವನ್ನೇ ಹಿಂದಿನ ಏಳು ಮಂದಿ ಅನುಸರಿಸಬೇಕು. ಒಬ್ಬನ ಕಣ್ಣು, ಒಬ್ಬನ ಲಯ, ಎಂಟು ಮಂದಿಯ ವಿಧೇಯತೆ, ಇವು ಸೇರಿದಾಗ ಆಗುವುದು ಪಂದ್ಯ. ಒಬ್ಬನು ಹಿಂದಿನ ರಾತ್ರಿ ಪಾನಗೃಹದಲ್ಲಿ ಕಳೆದುದರಿಂದ ಇಡೀ ದೋಣಿ ಸೋಲಬಹುದೆಂಬುದು ಕಥೆಗಾರರ ಉತ್ಪ್ರೇಕ್ಷೆಯೇನೂ ಆಗಿರಲಿಲ್ಲ. ಫುಟ್‌ಬಾಲಿನಲ್ಲಿ ಒಬ್ಬ ವೀರನು ಕೊನೆಯ ನಿಮಿಷದಲ್ಲಿ ಓಡಿ ಗೆಲ್ಲಿಸಬಹುದು. ದೋಣಿಯಲ್ಲಿ ಅಂತಹ ಏಕಾಂಗವೀರನಿಗೆ ಸ್ಥಾನವಿಲ್ಲ. ಅಣ್ಣತಮ್ಮಂದಿರ ಮತ್ಸರದ ಕಥೆಗೆ ಇದಕ್ಕಿಂತ ತಕ್ಕ ಆಟವನ್ನು ಆರಿಸುವುದು ಕಷ್ಟ.

ಚಿತ್ರದ ಕೆಲವು ಭಾಗಗಳನ್ನು ಹಾಲಿವುಡ್ಡಿನ ಸ್ಟುಡಿಯೋ ಬಿಟ್ಟು ಉತ್ತರಕ್ಕೆ ಹೋಗಿ ಬರ್ಕ್‌ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಆವರಣದಲ್ಲಿ ತೆಗೆದರು. ದೋಣಿಯ ಕ್ರೀಡೆಯ ಚರಿತ್ರೆಯಲ್ಲಿ ಆ ಸ್ಥಳಕ್ಕೂ ಆ ಕಾಲಕ್ಕೂ ವಿಶೇಷವಾದ ಬೆಲೆಯಿದೆ. ಅಮೆರಿಕದ ದೋಣಿಯ ಪಂದ್ಯಗಳಲ್ಲಿ ಪೂರ್ವತೀರದ ಹಳೆಯ ಕಾಲೇಜುಗಳದೇ ಬಹುಕಾಲ ಮೇಲುಗೈಯಾಗಿತ್ತು. ಇಪ್ಪತ್ತರ ದಶಕದಲ್ಲಿ ಪಶ್ಚಿಮತೀರದ ಹುಡುಗರು ಆ ಅಭಿಮಾನವನ್ನು ಮುರಿದರು. ಕೈ ಎಬ್ರೈಟ್ ಎಂಬ ತರಬೇತುದಾರರ ಕೈಯಲ್ಲಿ ಪಳಗಿದ ಬರ್ಕ್‌ಲಿಯ ಎಂಟು ಮಂದಿ 1928ರಲ್ಲಿ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ಗೆ ಹೋಗಿ, ಕೊನೆಯ ಪಂದ್ಯದಲ್ಲಿ ಬ್ರಿಟಿಷರ ದೋಣಿಯನ್ನು ಹಿಂದಿಕ್ಕಿ ಚಿನ್ನದ ಪದಕವನ್ನು ತಂದರು. 1932ರಲ್ಲಿಯೂ 1948ರಲ್ಲಿಯೂ ಅದೇ ವಿಶ್ವವಿದ್ಯಾಲಯದ ತಂಡಗಳು ಅದೇ ಪದಕವನ್ನು ಗೆದ್ದುವು. ಆ ಮೊದಲ ಗೆಲುವಿಗೆ ಒಂದು ವರ್ಷ ಹಿಂದಿನ ಬರ್ಕ್‌ಲಿ, ಅಲ್ಲಿನ ಮರಗಳ ಸಾಲು, ಅಲ್ಲಿನ ಹುಡುಗರ ಉಡುಪು, ಮಿಲ್ನರ್ ಅವರಂತಹ ನಿಪುಣನ ಕ್ಯಾಮೆರಾದ ಮುಂದೆ ಬಂದಿತ್ತು. ಪಂದ್ಯಗಳ ಫಲಿತಾಂಶಗಳು ಪುಸ್ತಕಗಳಲ್ಲಿ ಅಂಕಿಗಳಾಗಿ ಉಳಿದಿವೆ. ಮೈ ಹೇಗೆ ಬಾಗಿತು, ಹುಟ್ಟು ಹೇಗೆ ಹೊರಳಿತು ಎಂಬುದನ್ನು ಅಂಕಿಗಳು ಹೇಳಲಾರವು.

ಅದೇ 1927ರ ಸೆಪ್ಟೆಂಬರಿನಲ್ಲಿ ಬಸ್ಟರ್ ಕೀಟನ್ ಅವರ 'ಕಾಲೇಜ್' ಎಂಬ ಚಿತ್ರ ತೆರೆಗೆ ಬಂದಿತು. ಅದರಲ್ಲಿಯೂ ದೋಣಿಯ ಪಂದ್ಯವುಂಟು. ಓದಿನಲ್ಲಿ ಜಾಣನೂ ಆಟದಲ್ಲಿ ದಡ್ಡನೂ ಆದ ನಾಯಕನು ಪ್ರಿಯತಮೆಯನ್ನು ಮೆಚ್ಚಿಸುವುದಕ್ಕಾಗಿ ಕಾಕ್ಸ್ ಆಗುತ್ತಾನೆ. ನಡುನೀರಿನಲ್ಲಿ ಚುಕ್ಕಾಣಿ ಕಳಚಿಬೀಳಲು, ಅದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು, ದೋಣಿಯ ಹಿಂತುದಿಯಿಂದ ನೀರಿಗೆ ಇಳಿಬಿದ್ದು, ತಾನೇ ಚುಕ್ಕಾಣಿಯಾಗಿ ಪಂದ್ಯವನ್ನು ಗೆಲ್ಲಿಸುತ್ತಾನೆ. ಕಡೆಗೆ ಪ್ರಿಯತಮೆ ಅಪಾಯದಲ್ಲಿರುವಳೆಂದು ತಿಳಿದಾಗ, ಕಲಿಯಲಾರದೆ ಹೋಗಿದ್ದ ಆಟಗಳೆಲ್ಲವೂ ಅವನ ಮೈಗೆ ಒಮ್ಮೆಲೇ ಬಂದುಬಿಡುತ್ತವೆ. ಉದ್ದವಾದ ಗಳುವೊಂದನ್ನು ಊರಿ ಮೇಲಂತಸ್ತಿನ ಕಿಟಕಿಯೊಳಕ್ಕೆ ಹಾರುತ್ತಾನೆ. ತನ್ನ ಸಾಹಸಗಳನ್ನೆಲ್ಲ ತಾನೇ ಮಾಡುತ್ತಿದ್ದ ಕೀಟನ್ ಆ ಒಂದು ಹಾರಿಕೆಗೆ ಮಾತ್ರ, 1924ರ ಒಲಿಂಪಿಕ್ಸ್‌ನಲ್ಲಿ ಗಳುಹಾರಿಕೆಯ ಚಿನ್ನ ಗೆದ್ದ ಲೀ ಬಾರ್ನ್ಸ್‌ನನ್ನು ಕರೆಸಿದನು. ಈ ಚಿತ್ರ ಉಳಿದಿದೆ. ಇಂದಿಗೂ ಜನ ನೋಡಿ ನಗುತ್ತಾರೆ.

ಹೆರಾಲ್ಡ್ ಲಾಯ್ಡ್‌ನ 'ದ ಫ್ರೆಷ್‌ಮನ್' (1925) ಕೂಡ ಉಳಿದಿದೆ. ಅದರ ಫುಟ್‌ಬಾಲ್ ಪಂದ್ಯದಲ್ಲಿ ಕಾಣುವ ಜನಸಾಗರವು ಸ್ಟುಡಿಯೋದವರು ಕೂಲಿ ಕೊಟ್ಟು ಕರೆತಂದುದಲ್ಲ. 1924ರ ನವೆಂಬರಿನಲ್ಲಿ ಬರ್ಕ್‌ಲಿಯ ಕ್ರೀಡಾಂಗಣದಲ್ಲಿ ಕ್ಯಾಲಿಫೋರ್ನಿಯ ಮತ್ತು ಸ್ಟ್ಯಾನ್‌ಫರ್ಡ್ ತಂಡಗಳ ನಿಜವಾದ ಪಂದ್ಯಕ್ಕೆ ನೆರೆದಿದ್ದ ಜನರನ್ನು, ಆಟದ ವಿರಾಮದ ಹೊತ್ತಿನಲ್ಲಿ ಚಿತ್ರಿಸಿಕೊಂಡುದು. ಈ ಎರಡು ಚಿತ್ರಗಳು ಉಳಿದುದಕ್ಕೂ 'ರೋಲ್ಡ್ ಸ್ಟಾಕಿಂಗ್ಸ್' ಉಳಿಯದುದಕ್ಕೂ ಕಾರಣ ಕೇವಲ ಗುಣದ ಹೆಚ್ಚುಕಡಿಮೆಯಲ್ಲ. ಲಾಯ್ಡ್ ತನ್ನ ಚಿತ್ರಗಳಿಗೆ ತಾನೇ ಒಡೆಯನಾಗಿದ್ದು, ಅವುಗಳ ಪ್ರತಿಗಳನ್ನು ಸ್ವಂತ ಆಸ್ತಿಯಂತೆ ಕಾಪಾಡಿಕೊಂಡನು. ಕೀಟನ್‌ನ ಹೆಸರನ್ನು ಪೂಜಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದರು. ಕಂಪನಿಯ ಕಾರ್ಖಾನೆಯಿಂದ ಬಂದು, ಯಾರೊಬ್ಬರ ಸ್ವಂತ ಕೃತಿಯೂ ಆಗದಿದ್ದ ಚಿತ್ರಕ್ಕೆ ಅಂತಹ ಕಾವಲುಗಾರ ದೊರೆಯಲಿಲ್ಲ.

ಆ ಕಾಲದ ಫಿಲ್ಮ್ ಸ್ವಭಾವತಃ ಅಲ್ಪಾಯುಷಿ. ಸೆಲ್ಯುಲೋಸ್ ನೈಟ್ರೇಟ್ ಎಂಬ ಪಾರದರ್ಶಕವಾದ ಪಟ್ಟಿಯ ಮೇಲೆ ಬೆಳ್ಳಿಯ ಕಣಗಳಿಂದ ಚಿತ್ರ ಮೂಡುತ್ತಿದ್ದಿತು. ತೆರೆಯ ಮೇಲಿನ ಅದರ ಕಾಂತಿಗೆ ಸಮನಾದುದು ಇಲ್ಲವೆಂದು ಬಲ್ಲವರು ಹೇಳುತ್ತಾರೆ. ಆದರೆ ಅದೇ ನೈಟ್ರೇಟ್ ಸಿಡಿಮದ್ದಿನ ಸಮೀಪಬಂಧು. ಒಮ್ಮೆ ಹೊತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಹೊರಗೆಡಹುವುದರಿಂದ, ನೀರಿನೊಳಗೆ ಅದ್ದಿದರೂ ಆರದು. 1937ರ ಜುಲೈ ತಿಂಗಳಿನಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿ ಎಂಬಲ್ಲಿ ಬೆಂಕಿ ಬಿದ್ದು, ಫಾಕ್ಸ್ ಸಂಸ್ಥೆಯ ಮೂಕಚಿತ್ರಗಳ ದೊಡ್ಡ ಭಂಡಾರವೇ ಸುಟ್ಟುಹೋಯಿತು.

ಬೆಂಕಿ ತಾಗದೆ ಉಳಿದುದಕ್ಕೂ ಸುಖವಿಲ್ಲ. ಸೆಕೆಯಲ್ಲಿ, ತೇವದಲ್ಲಿ, ಮುಚ್ಚಿದ ತಗಡಿನ ಡಬ್ಬಿಯಲ್ಲಿ ನೈಟ್ರೇಟ್ ನಿಧಾನವಾಗಿ ತನ್ನನ್ನು ತಾನೇ ತಿನ್ನತೊಡಗುತ್ತದೆ. ಮೊದಲು ಚಿತ್ರ ಮಾಸುತ್ತದೆ, ಮೂಗಿಗೆ ತಾಗುವ ಆಮ್ಲದ ಘಾಟು ಏಳುತ್ತದೆ. ಬಳಿಕ ಸುತ್ತು ಸುತ್ತಿಗೆ ಅಂಟಿಕೊಂಡು, ಜೇನಿನಂತೆ ಜಿಗುಟಾಗಿ, ಮೇಲೆ ಗುಳ್ಳೆಗಳು ಬರುತ್ತವೆ. ಆಮೇಲೆ ರೀಲು ಒಂದೇ ಮುದ್ದೆಯಾಗಿ ಗಟ್ಟಿಕಟ್ಟುತ್ತದೆ. ಕಡೆಗೆ ಡಬ್ಬಿಯನ್ನು ತೆರೆದವನ ಕೈಗೆ ಸಿಕ್ಕುವುದು ಕಂದು ಬಣ್ಣದ ಪುಡಿ. ಸುಲಭವಾಗಿ ಬೆಂಕಿ ಹಿಡಿಯದ ಅಸಿಟೇಟ್ ಫಿಲ್ಮ್ ಬಂದು ನೈಟ್ರೇಟಿನ ತಯಾರಿಕೆ ನಿಂತುದು 1950ರ ಆಸುಪಾಸಿನಲ್ಲಿ. ಹಳೆಯ ರೀಲುಗಳಿಂದ ಹೊಸ ಪ್ರತಿ ತೆಗೆಯಲು ಆಗ ಯಾರಾದರೂ ಹಣ ವೆಚ್ಚ ಮಾಡಬೇಕಾಗಿತ್ತು.

ಹಾಗೆ ವೆಚ್ಚ ಮಾಡುವ ಮನಸ್ಸು ಕಂಪನಿಗಳಿಗೆ ಇರಲಿಲ್ಲವೆಂಬುದೇ ಎಲ್ಲಕ್ಕಿಂತ ದೊಡ್ಡ ಕಾರಣ. 'ರೋಲ್ಡ್ ಸ್ಟಾಕಿಂಗ್ಸ್' ಬಿಡುಗಡೆಯಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, 1927ರ ಅಕ್ಟೋಬರ್ 6ರಂದು, ನ್ಯೂಯಾರ್ಕಿನಲ್ಲಿ 'ದ ಜಾಜ್ ಸಿಂಗರ್' ಪ್ರದರ್ಶಿತವಾಗಿ ತೆರೆಯ ಮೇಲಿನ ಮನುಷ್ಯರು ಮಾತಾಡಿಬಿಟ್ಟರು. ಎರಡು ವರ್ಷಗಳಲ್ಲಿ ಮೂಕಚಿತ್ರವು ಬೀದಿಯಲ್ಲಿ ಕೇಳುವವರಿಲ್ಲದ ಸರಕಾಯಿತು. ಊರೂರು ಸುತ್ತಿ ಸವೆದು ಮರಳಿದ ಪ್ರತಿಗಳನ್ನು ಕರಗಿಸಿದರೆ ಬೆಳ್ಳಿಯಾದರೂ ದಕ್ಕುತ್ತಿತ್ತು. ಇಟ್ಟುಕೊಂಡರೆ ಗೋದಾಮಿನ ಬಾಡಿಗೆ, ಬೆಂಕಿಯ ವಿಮೆ, ಕಾವಲಿನ ಸಂಬಳ. ಯೂನಿವರ್ಸಲ್ ಸಂಸ್ಥೆಯು 1948ರಲ್ಲಿ ತನ್ನಲ್ಲಿ ಉಳಿದಿದ್ದ ಮೂಕಚಿತ್ರಗಳನ್ನು ತಾನೇ ಉದ್ದೇಶಪೂರ್ವಕವಾಗಿ ನಾಶಮಾಡಿಸಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ, ಡೇವಿಡ್ ಪಿಯರ್ಸ್ ಸಿದ್ಧಪಡಿಸಿದ ವರದಿಯು ಈ ಉಪೇಕ್ಷೆಯ ಫಲವನ್ನು ಲೆಕ್ಕಹಾಕಿ ತೋರಿಸಿದೆ: 1912ರಿಂದ 1929ರವರೆಗೆ ಆ ದೇಶದಲ್ಲಿ ತಯಾರಾದ 10,919 ಪೂರ್ಣಪ್ರಮಾಣದ ಮೂಕಚಿತ್ರಗಳಲ್ಲಿ ಮೂಲರೂಪದಲ್ಲಿ, ಮೂಲ ಅಳತೆಯಲ್ಲಿ ಉಳಿದಿರುವುದು ಶೇಕಡ 14 ಮಾತ್ರ, ಸುಮಾರು ಶೇಕಡ 70 ಪೂರ್ಣವಾಗಿ ಹೋಗಿವೆ.

ಈ ವಿಷಯದಲ್ಲಿ ಅನ್ಯರತ್ತ ಬೆರಳು ತೋರುವ ಅಧಿಕಾರ ನಮಗೂ ಇಲ್ಲ. ಭಾರತದ ಮೊದಲ ವಾಕ್ಚಿತ್ರವಾದ 'ಆಲಂ ಆರಾ' (1931) ಉಳಿದಿಲ್ಲ. ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರ 'ಸತಿ ಸುಲೋಚನಾ' (1934) ಉಳಿದಿಲ್ಲ. ನಮ್ಮ ರಾಷ್ಟ್ರೀಯ ಚಲನಚಿತ್ರ ಭಂಡಾರವು ಪುಣೆಯಲ್ಲಿ ಸ್ಥಾಪಿತವಾದುದು 1964ರಲ್ಲಿ. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿತ್ತು.

'ರೋಲ್ಡ್ ಸ್ಟಾಕಿಂಗ್ಸ್' ಚಿತ್ರವು ಹೋದರೂ ಅದರಲ್ಲಿ ಪಾಲುಗೊಂಡವರ ಬದುಕುಗಳು ಮುಂದುವರಿದುವು. ರಿಚರ್ಡ್ ಆರ್ಲೆನ್ ಅದೇ ವರ್ಷ ಬಂದ 'ವಿಂಗ್ಸ್' ಚಿತ್ರದಿಂದ ಪ್ರಸಿದ್ಧನಾದನು. ಮೊದಲ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರದ ಮನ್ನಣೆ ಪಡೆದುದು ಅದೇ. ಜೇಮ್ಸ್ ಹಾಲ್ 1930ರ 'ಹೆಲ್ಸ್ ಏಂಜಲ್ಸ್' ಚಿತ್ರದಲ್ಲಿ ನಟಿಸಿದನು. ಲೂಯಿಸ್ ಬ್ರೂಕ್ಸ್ ಪ್ಯಾರಾಮೌಂಟಿನೊಡನೆ ವಿರಸ ಕಟ್ಟಿಕೊಂಡು ಜರ್ಮನಿಗೆ ಹೋಗಿ, ಪಾಬ್ಸ್ಟ್ ನಿರ್ದೇಶಿಸಿದ 'ಪಂಡೋರಾಸ್ ಬಾಕ್ಸ್' (1929) ಚಿತ್ರದಲ್ಲಿ ಅಭಿನಯಿಸಿದರು. ಅಂದು ಹೆಚ್ಚು ಜನ ಮೆಚ್ಚದ ಆ ಚಿತ್ರ ಐವತ್ತರ ದಶಕದಲ್ಲಿ ಪ್ಯಾರಿಸಿನ ರಸಿಕರ ಕಣ್ಣಿಗೆ ಬಿದ್ದು, ಮರೆತುಹೋಗಿದ್ದ ನಟಿಯನ್ನು ಮತ್ತೆ ಜಗತ್ತಿನ ಮುಂದೆ ತಂದು ನಿಲ್ಲಿಸಿತು. ಆಮೇಲೆ ಅವರು ಲೇಖಕಿಯಾಗಿಯೂ ಹೆಸರಾದರು. ಅವರ 'ಲೂಲೂ ಇನ್ ಹಾಲಿವುಡ್' ಎಂಬ ಪ್ರಬಂಧಸಂಗ್ರಹ 1982ರಲ್ಲಿ ಪ್ರಕಟವಾಯಿತು. ಇಂದು 'ರೋಲ್ಡ್ ಸ್ಟಾಕಿಂಗ್ಸ್'ನ ಹೆಸರನ್ನು ಯಾರಾದರೂ ನೆನೆಯುವುದಿದ್ದರೆ ಆಕೆಯ ದೆಸೆಯಿಂದಲೇ.

ಕಥೆ ಬರೆದ ಫ್ರೆಡೆರಿಕ ಸೇಗರ್ ಅವರದು ಇನ್ನೂ ಆಶ್ಚರ್ಯಕರವಾದ ವೃತ್ತಾಂತ. 1900ರ ಜುಲೈಯಲ್ಲಿ ಹುಟ್ಟಿದ ಈಕೆ, ತಾವು ಬರೆದುದಕ್ಕೆ ಬೇರೆಯವರು ಹೆಸರು ಪಡೆಯುವುದನ್ನು ಕಂಡು ಬೇಸತ್ತು ಚಿತ್ರರಂಗವನ್ನು ಬಿಟ್ಟರು. ಗಂಡನ ಮನೆತನದ ಮಾಸ್ ಎಂಬ ಹೆಸರನ್ನು ಸೇರಿಸಿಕೊಂಡು, 1999ರಲ್ಲಿ, ನೂರರ ಹೊಸ್ತಿಲಲ್ಲಿ ನಿಂತು, ಹಾಲಿವುಡ್ಡಿನ ಆ ಮೊದಲ ದಿನಗಳ ಒಳಗುಟ್ಟುಗಳನ್ನು ಯಾರ ಮುಲಾಜೂ ಇಲ್ಲದೆ ಆತ್ಮಚರಿತ್ರೆಯಾಗಿ ಬರೆದು ಪ್ರಕಟಿಸಿದರು. ಅವರು ತೀರಿಕೊಂಡುದು 2012ರ ಜನವರಿಯಲ್ಲಿ, 111ನೆಯ ವಯಸ್ಸಿನಲ್ಲಿ. ಸಾಮಾನ್ಯವಾಗಿ ಕೃತಿಯು ಕರ್ತೃವಿಗಿಂತ ಹೆಚ್ಚು ಕಾಲ ಬಾಳುವುದೆಂದು ನಾವು ನಂಬುತ್ತೇವೆ. ಇಲ್ಲಿ ಆ ನಂಬಿಕೆ ತಲೆಕೆಳಗಾಯಿತು.

ಹೋದುದು ಹೋಯಿತೆಂದು ಕೈಚೆಲ್ಲಬೇಕೆ? ಮೂಕಚಿತ್ರಗಳ ವಿಷಯದಲ್ಲಿ ಹಾಗೆ ಖಚಿತವಾಗಿ ಹೇಳಲು ಯಾರೂ ಧೈರ್ಯಮಾಡುವುದಿಲ್ಲ. ಇದೇ ಲೂಯಿಸ್ ಬ್ರೂಕ್ಸ್ ಇದೇ 1927ರಲ್ಲಿ ನಟಿಸಿದ 'ನೌ ವಿಆರ್ ಇನ್ ದಿ ಏರ್' ಎಂಬ ಪ್ಯಾರಾಮೌಂಟ್ ಚಿತ್ರವೂ ಪೂರ್ಣವಾಗಿ ನಾಶವಾಯಿತೆಂದೇ ಎಲ್ಲರೂ ನಂಬಿದ್ದರು. 2016ರಲ್ಲಿ ಪ್ರಾಗ್ ನಗರದ ಚೆಕ್ ರಾಷ್ಟ್ರೀಯ ಚಿತ್ರಭಂಡಾರದಲ್ಲಿ, ಚೆಕ್ ಭಾಷೆಯ ಶೀರ್ಷಿಕೆಗಳನ್ನು ಹೊತ್ತ ಅದರ ತುಣುಕುಗಳು ದೊರೆತುವು. ಅವುಗಳನ್ನು ಜೋಡಿಸಿ ದುರಸ್ತಿಮಾಡಿ ಸುಮಾರು 23 ನಿಮಿಷಗಳ ಚಿತ್ರವನ್ನಾಗಿಸಿ 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೂಕಚಿತ್ರೋತ್ಸವದಲ್ಲಿ ಪ್ರದರ್ಶಿಸಿದರು. 2010ರಲ್ಲಿ ನ್ಯೂಜಿಲೆಂಡಿನ ಭಂಡಾರದಿಂದ ಅಮೆರಿಕದ ಹಲವು ಹಳೆಯ ಚಿತ್ರಗಳು ಹೊರಬಂದುವು. ಅವುಗಳಲ್ಲಿ ಜಾನ್ ಫೋರ್ಡ್ 1927ರಲ್ಲಿ ನಿರ್ದೇಶಿಸಿದ 'ಅಪ್‌ಸ್ಟ್ರೀಮ್' ಕೂಡ ಒಂದು.

ಹೊರದೇಶಗಳಲ್ಲಿಯೇ ಹೀಗೆ ಸಿಕ್ಕುವುದಕ್ಕೆ ಕಾರಣವಿದೆ. ಚಿತ್ರದ ಪ್ರತಿ ದೊಡ್ಡ ನಗರದಿಂದ ಸಣ್ಣ ಊರಿಗೆ, ಸಣ್ಣ ಊರಿನಿಂದ ದೂರದೇಶಕ್ಕೆ ಇಳಿಯುತ್ತ ಹೋಗುತ್ತಿತ್ತು. ಕೊನೆಯ ನಿಲ್ದಾಣದಿಂದ ಅದನ್ನು ಹಿಂದಕ್ಕೆ ತರಿಸುವ ಸಾಗಣೆವೆಚ್ಚಕ್ಕೆ ಅದು ಬಾಳುತ್ತಿರಲಿಲ್ಲವಾದುದರಿಂದ ಅಲ್ಲಿಯೇ ಬಿಟ್ಟುಬಿಡುತ್ತಿದ್ದರು. ಕೆನಡದ ವಾಯವ್ಯ ಭಾಗದಲ್ಲಿರುವ ಡಾಸನ್ ಸಿಟಿ ಅಂತಹ ಒಂದು ಕೊನೆಯ ನಿಲ್ದಾಣ. ಅಲ್ಲಿ ಕೂಡಿಬಿದ್ದ ರೀಲುಗಳನ್ನು 1929ರಲ್ಲಿ, ಊರಿನ ಕ್ರೀಡಾಸಂಘದ ಕಟ್ಟಡದಲ್ಲಿದ್ದ ಈಜುಕೊಳವನ್ನು ಮುಚ್ಚುವುದಕ್ಕಾಗಿ ಮಣ್ಣಿನೊಡನೆ ಸುರಿದು, ಮೇಲೆ ಹಿಮಕ್ರೀಡೆಯ ಅಂಗಳ ಮಾಡಿದರು. ನಿತ್ಯವೂ ಹೆಪ್ಪುಗಟ್ಟಿರುವ ಆ ನೆಲವೇ ಹಿಮಪೆಟ್ಟಿಗೆಯಾಗಿ ಅವುಗಳನ್ನು ಕಾದಿತು. 1978ರಲ್ಲಿ ಕಟ್ಟಡದ ಕೆಲಸಕ್ಕೆ ನೆಲ ಅಗೆದಾಗ 500ಕ್ಕೂ ಹೆಚ್ಚು ರೀಲುಗಳು ಮೇಲೆ ಬಂದುವು. ಅವುಗಳಲ್ಲಿ 1919ರ ಬೇಸ್‌ಬಾಲ್ ವಿಶ್ವಸರಣಿಯ ದೃಶ್ಯಗಳೂ ಇದ್ದುವು.

ಡಬ್ಬಿ ಸಿಕ್ಕಿದ ಮಾತ್ರಕ್ಕೆ ಚಿತ್ರ ಸಿಕ್ಕಿದಂತಾಗುವುದಿಲ್ಲ. ಅನೇಕ ವೇಳೆ ಹೆಸರಿನ ಭಾಗವೇ ಹರಿದುಹೋಗಿರುತ್ತದೆ, ಇಲ್ಲವೆ ಡಬ್ಬಿಯ ಮೇಲೆ ಬೇರೆಯದೇ ಹೆಸರಿರುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್‌ನವರು ಕಳೆದುಹೋದ ಸುಮಾರು 7,200 ಮೂಕಚಿತ್ರಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ್ದಾರೆ. ವರ್ಜೀನಿಯದ ಕಲ್‌ಪೆಪರ್ ಎಂಬಲ್ಲಿ ಅವರು 2012ರಲ್ಲಿ ಆರಂಭಿಸಿದ ಒಂದು ಗೋಷ್ಠಿಯಲ್ಲಿ, ಹೆಸರಿಲ್ಲದ ರೀಲುಗಳನ್ನು ತೆರೆಯ ಮೇಲೆ ಓಡಿಸುತ್ತಿರಲು ಕುಳಿತವರು ಮೌನವಾಗಿರದೆ ತಮಗೆ ತೋಚಿದುದನ್ನೆಲ್ಲ ಕೂಗಿ ಹೇಳುತ್ತಾರೆ. ಒಬ್ಬನು ಕಾರಿನ ಮಾದರಿಯಿಂದ ವರ್ಷವನ್ನು ಹೇಳುತ್ತಾನೆ, ಒಬ್ಬಳು ನಂಬರಿನ ಹಲಗೆಯಿಂದ ಊರನ್ನು ಹೇಳುತ್ತಾಳೆ, ಇನ್ನೊಬ್ಬನು ಮೂಲೆಯಲ್ಲಿ ನಿಂತ ಕಿರಿಯ ನಟನ ಗುರುತು ಹಿಡಿಯುತ್ತಾನೆ.

ಈ ಕೆಲಸಕ್ಕೆ ಸಲ್ಲುವುದು ಮಹಾಕೃತಿಗಳ ಜ್ಞಾನಕ್ಕಿಂತ ಹೆಚ್ಚಾಗಿ ಅಲ್ಪವಿಷಯಗಳ ಜ್ಞಾನ: ಯಾವ ಕಾಲೇಜಿನ ಹುಡುಗರು ಯಾವ ವರ್ಷ ಎಂತಹ ಬನಿಯನ್ನು ತೊಟ್ಟು ಹುಟ್ಟು ಹಾಕುತ್ತಿದ್ದರು, ಬರ್ಕ್‌ಲಿಯ ಯಾವ ಕಟ್ಟಡ ಯಾವಾಗ ಎದ್ದಿತು, ಹುಡುಗಿಯರು ಕಾಲುಚೀಲವನ್ನು ಎಲ್ಲಿಗೆ ಇಳಿಸುತ್ತಿದ್ದರು ಎಂಬುದನ್ನೆಲ್ಲ ಕ್ಷುಲ್ಲಕವೆನ್ನದೆ ಬರೆದಿಟ್ಟವರ ಜ್ಞಾನ. ನಾಳೆ ಯಾವುದಾದರೊಂದು ದೇಶದ ನೆಲಮಾಳಿಗೆಯಿಂದ ಎಂಟು ಹುಟ್ಟುಗಳ ದೋಣಿಯೊಂದಿರುವ, ತಲೆಯೂ ಬಾಲವೂ ಇಲ್ಲದ ರೀಲು ಬಂದರೆ ಅದರ ಗುರುತು ಹಿಡಿಯುವವರು ಅಂತಹವರೇ. ನಮ್ಮ ಊರುಗಳ ಹಳೆಯ ಥಿಯೇಟರುಗಳ ಅಟ್ಟಗಳಲ್ಲಿ, ಹಂಚಿಕೆದಾರರ ಮುಚ್ಚಿದ ಕೋಣೆಗಳಲ್ಲಿ ಇರಬಹುದಾದ ಡಬ್ಬಿಗಳಿಗೂ ಇದೇ ಮಾತು ಸಲ್ಲುತ್ತದೆ: ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು, ಒಳಗಿರುವುದು ಸಾಧಾರಣ ಚಿತ್ರವಾದರೂ ಸರಿಯೆ, ಬಲ್ಲವರೊಬ್ಬರಿಗೆ ತೋರಿಸಬೇಕು, ಬಿಸಿಲು ಬೆಂಕಿಗಳಿಂದ ದೂರವಿಟ್ಟು ತೋರಿಸಬೇಕು.